ಕ್ಷೌರದಂಗಡಿಯವನ ಕೆಮ್ಮು

ಅದು ಕೆಮ್ಮೇ ಇರಬೇಕು. ಕೆಮ್ಮಲ್ಲದೆ ಇನ್ನೇನು? ಅಷ್ಟು ಹೊತ್ತು ಸುಮ್ಮನೆ ಕೂತ ಮನುಷ್ಯ ಮತ್ತೆ ಮಾತಾಡಿಯಾನು ಎಂದು ಯಾರು ತಾನೆ ಅಂದುಕೊಳ್ಳುತ್ತಾರೆ? ಹಾಗಾದರೆ ಬೆಳಗಾದರೂ ಅದು ತಲೆಯಿಂದ ಇಳಿಯುತ್ತಿಲ್ಲ ಯಾಕೆ?

ಹಲ್ಲುಜ್ಜುತ್ತಾ ನಿಂತ ಕತ್ತರಿಗೆ ಬಾಯಿಯ ನೊರೆ ಉಗುಳುವುದೂ ಮರೆತಿತ್ತು.

ಕತ್ತರಿ ಎನ್ನುವುದು ಅವನ ದೊಡ್ಡಮ್ಮ ಇಟ್ಟ ಅಡ್ಡಹೆಸರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಜೀವಮಾನವಿಡೀ ಬೇರೆಯವರ ಮಾತಿಗೆ ಸಂಪರ್ಕ ಕೊಟ್ಟ ದೊಡ್ಡಮ್ಮ, ನಿವೃತ್ತಿಯಾದ ಮೇಲೆ ತನ್ನ ಮಾತಿಗೇ ಸಂಪರ್ಕ ಕೊಟ್ಟುಕೊಂಡಿದ್ದಳು. ಕಾಣೆಯಾದವರ ಬಗ್ಗೆ ಅವಳು ನಡೆಸುತ್ತಿದ್ದ ‘ಎಲ್ಲಿದ್ದೀರಿ?’ ಪಾಡ್‌ಕಾಸ್ಟನ್ನು ಊರಿಗೆ ಊರೇ ಕೇಳುತ್ತಿತ್ತು. ಪೊಲೀಸರು ತಟ್ಟಿದರೆ ಚಿಲಕ ಹಾಕಿಕೊಳ್ಳುವವರು ಕೂಡ ದೊಡ್ಡಮ್ಮನ ದನಿ ಕೇಳಿದರೆ ತಾವಾಗಿ ಫೋನ್ ಮಾಡಿ ಕಂಡದ್ದನ್ನು ಹೇಳುತ್ತಿದ್ದರು. ಮನೆ ಬಿಟ್ಟುಹೋದ ಹುಡುಗಿಯೊಬ್ಬಳು ಅವಳ ದನಿ ಕೇಳಿ ತಾನೇ ವಾಪಸು ಬಂದದ್ದೂ ಉಂಟು. ಆ ದನಿಯಲ್ಲಿ ಗದರಿಕೆಯೂ ಇತ್ತು, ಮಡಿಲೂ ಇತ್ತು. ಕತ್ತರಿಗೆ ಅವಳ ಮೇಲೆ ಒಳಗೊಳಗೇ ಭಾರಿ ಹೆಮ್ಮೆ.

ಅವನ ಕೆಲಸ ಮೌನ ಕತ್ತರಿಸುವುದು. ಮೌನವೆಂದರೆ ಪ್ರಾಣ ಬಿಡುವವನಿಗೆ ದೇವರು ಕೊಟ್ಟ ಕೆಲಸ ಇದು. ಕಂಪ್ಯೂಟರಿನ ಪರದೆಯಲ್ಲಿ ಮಾತು ಬೆಟ್ಟಸಾಲಿನಂತೆ ಕಾಣುತ್ತದೆ, ಮೌನ ಚಪ್ಪಟೆ ಗೆರೆಯಂತೆ. ಗೆರೆ ತೀರಾ ಉದ್ದವಾಯಿತೆಂದರೆ ಅಲ್ಲಿಂದ ಕೊನೆಯವರೆಗೂ ಹಾರಿಸಿಬಿಡುವುದು ಅವನ ರೂಢಿ.

ನಿನ್ನೆ ಸಂಜೆ ಕಾಣೆಯಾದವರು ಟೈಪಿಂಗ್ ಮೇಷ್ಟ್ರು. ಈಚೆಗೆ ಮರೆವು ಹತ್ತಿ, ಮಗಳ ಮನೆಗೆ ಬಂದು ಇದ್ದವರು. ಬೂದು ಸ್ವೆಟರ್ ತೊಟ್ಟು ಹೊರಟವರು ವಾಪಸು ಬರಲಿಲ್ಲ. ಮಗಳು ಫೋನಿನಲ್ಲಿ ಅಳುತ್ತಾ ಮಾತಾಡಿದ್ದಳು. ಕ್ಷೌರದಂಗಡಿಯವನನ್ನು ದೊಡ್ಡಮ್ಮ ಅಂಗಡಿಗೇ ಹೋಗಿ ಮಾತಾಡಿಸಿದ್ದಳು. ಕೈಯ ಕತ್ತರಿ ಆಡಿದರೆ ಮಾತು ನಿಲ್ಲಿಸುವ, ಮಾತಾಡಿದರೆ ಕತ್ತರಿ ನಿಲ್ಲಿಸುವ ಪ್ರಾಣಿ ಅವನು. “ಮೇಷ್ಟ್ರು ಹಳೆ ಗಿರಣಿ ಕಡೆ ಹೋಗ್ತಿದ್ರು. ಕಣ್ಣಾರೆ ಕಂಡೆ” ಎಂದಿದ್ದ. ಆಮೇಲೆ ಚಪ್ಪಟೆ ಗೆರೆ. ಅದರ ತುದಿಗೆ ಇರುವೆಗೂಡಿನಷ್ಟು ಒಂದು ದಿಬ್ಬ; ಕೆಮ್ಮಿರಬೇಕೆಂದು ರಾತ್ರಿ ಅದನ್ನೂ ಹಾರಿಸಿದ್ದ.

ಆ ದಿಬ್ಬವನ್ನು ಕತ್ತರಿ ಈಗ ಮೂಲ ಧ್ವನಿಮುದ್ರಣದಲ್ಲಿ ಹುಡುಕಿ ಕೇಳಿದ.

“ಹೋದ ತಿಂಗಳು.”

ಬಾಯಿಯ ನೊರೆ ಸೀದಾ ಹೊಟ್ಟೆಗಿಳಿಯಿತು.

ಅಷ್ಟರಲ್ಲಿ ಪಾಡ್‌ಕಾಸ್ಟಿನ ಕಂತು ಮನೆಮನೆ ಮುಟ್ಟಿತ್ತು. ಕತ್ತರಿ ಅರ್ಧಂಬರ್ಧ ಗುಂಡಿ ಹಾಕಿಕೊಂಡು ದೊಡ್ಡಮ್ಮನ ಮನೆಗೆ ಓಡಿದ. ಅವಳು ಎರಡು ಕಿವಿಗೆ ಎರಡು ಫೋನು ಹಿಡಿದು, ಮೂರನೆಯದಕ್ಕೆ ಗಲ್ಲ ಒತ್ತಿಕೊಂಡಿದ್ದಳು.

“ದೊಡ್ಡಮ್ಮ, ಒಂದು ಮಾತು...”

“ಮಾತು ಆಮೇಲೆ ಕಣೋ! ಗಿರಣಿ ಹತ್ರ ಆಗಲೇ ಜನ ಸೇರಿದಾರೆ. ಆ ಮೂಟೆ ಎತ್ತು, ಮೇಲಂಗಿಗಳು ಅದರಲ್ಲಿವೆ. ಹೊಟ್ಟೆಗೇನಾದ್ರೂ ಹಾಕ್ಕೊಂಡ್ಯಾ?”

“ಟೂತ್‌ಪೇಸ್ಟು.”

“ಸಾಕು, ನಡಿ.”

ಗಿರಣಿಯ ಬಯಲಿನಲ್ಲಿ ಕೇಳುಗರು ನೆರೆದಿದ್ದರು. ಬ್ಯಾಂಕಿನವರು, ದಾದಿಯರು, ಲಾರಿ ಓಡಿಸುವವರು, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡ ಅಜ್ಜಿಯರು. ಜಾತ್ರೆಯಂತೆ ಗದ್ದಲವಿರುತ್ತದೆ ಎಂದುಕೊಂಡಿದ್ದ ಕತ್ತರಿಗೆ ಆಶ್ಚರ್ಯ ಕಾದಿತ್ತು. ದೊಡ್ಡಮ್ಮ ಕಂತುಕಂತಿನಲ್ಲೂ ಕಲಿಸಿದ್ದಂತೆ ಅವರು ತೋಳಿನಳತೆಯ ದೂರದಲ್ಲಿ ಸಾಲಾಗಿ ನಿಂತು, ನೋಡಿದ ಮೂಲೆಗೆ ಸೀಮೆಸುಣ್ಣದ ಗುರುತು ಹಾಕುತ್ತಾ ಸಾಗುತ್ತಿದ್ದರು. ಯಾರೂ ಯಾರ ಫೋಟೋನೂ ತೆಗೆಯುತ್ತಿರಲಿಲ್ಲ. ಯಾರಿಗೂ ಮೇಷ್ಟ್ರ ಗುರುತಿಲ್ಲ, ಆದರೂ ಸ್ವಂತ ಅಪ್ಪನನ್ನು ಹುಡುಕುವವರ ಮುಖ. ಇಷ್ಟು ಒಳ್ಳೆಯ ಜನ ಇಷ್ಟು ಅಚ್ಚುಕಟ್ಟಾಗಿ ತಪ್ಪು ಜಾಗದಲ್ಲಿ ಹುಡುಕುತ್ತಿದ್ದಾರಲ್ಲ! ಮೇಷ್ಟ್ರು ಇನ್ನೆಲ್ಲೋ ಬಿದ್ದಿದ್ದರೆ?

ಠಾಣೆಯ ಅಧಿಕಾರಿ ಜೀಪಿನಿಂದ ಇಳಿದು ಹಣೆ ಚಚ್ಚಿಕೊಂಡರು. “ಅಮ್ಮಾ, ನಾನು ಕೆರೆ ಹತ್ರ ಹುಡುಕ್ತಿದ್ದೆ. ಬೆಳಿಗ್ಗೆಯಿಂದ ಎಲ್ರೂ ಗಿರಣಿ ಗಿರಣಿ ಅಂತ ಫೋನ್ ಮಾಡಿ ನನ್ನ ತಲೆ ಗಿರಣಿ ಮಾಡಿದ್ರು! ನಿಮ್ಮ ಪಾಡ್‌ಕಾಸ್ಟಿಂದ ಉಪಕಾರಕ್ಕಿಂತ ಉಪದ್ರವಾನೇ ಜಾಸ್ತಿ.”

“ಸ್ವಾಮಿ, ನಿಮ್ಮ ಹತ್ರ ಎಷ್ಟು ಜನ ಇದಾರೆ?”

“ಇಬ್ರು. ಒಬ್ಬ ರಜೆ.”

“ಕೆರೆಗೂ ಕಳಿಸ್ತೀನಿ ಬಿಡಿ. ಅರ್ಧ ಜನ ನಿಮ್ಮ ಹಿಂದೆ ಬರ್ತಾರೆ.” ದೊಡ್ಡಮ್ಮ ಕೈ ಎತ್ತಿದಳು. ಅರ್ಧ ಸಾಲು ತಿರುಗಿ ನಿಂತಿತು. ಅಧಿಕಾರಿ ಆ ಸಾಲನ್ನು ತುದಿಯವರೆಗೂ ಎಣಿಸಿದರು. ಅವರ ಕಣ್ಣಲ್ಲಿ ಹೊಟ್ಟೆಕಿಚ್ಚೇ ಇತ್ತು.

ಈಗ ಹೇಳಬೇಕು ಎಂದು ಕತ್ತರಿ ಒಂದು ಹೆಜ್ಜೆ ಮುಂದಿಟ್ಟ. ಹೇಳಿದರೆ ಅಧಿಕಾರಿ ದೊಡ್ಡಮ್ಮನ ಮೈಕಿಗೆ ಬೀಗ ಹಾಕುವುದು ಖಂಡಿತ. ಹೇಳದಿದ್ದರೆ ಮೇಷ್ಟ್ರ ಗತಿ? ಅವನು ಗಂಟಲು ಸರಿಮಾಡಿಕೊಂಡ. ದೊಡ್ಡಮ್ಮ ತಿರುಗಿ ನೋಡಿ, “ಕೆಮ್ಮಾ? ನೀರು ಕುಡಿ” ಎಂದು ಬಾಟಲಿ ತುರುಕಿ, ಅವನನ್ನು ಸಾಲಿನ ಕೊನೆಗೆ ದೂಡಿದಳು.

ಅವನ ಪಕ್ಕಕ್ಕೆ ಬಂದವರು ಒಬ್ಬ ಹಿರಿಯರು, ತಡವಾಗಿ ಬಂದ ಕೇಳುಗ. ದೊಡ್ಡಮ್ಮ ಸ್ವತಃ ಅವರಿಗೆ ಕಿತ್ತಳೆ ಬಣ್ಣದ ಮೇಲಂಗಿ ತೊಡಿಸಿ, ಕುತ್ತಿಗೆಯವರೆಗೂ ಗುಂಡಿ ಹಾಕಿ, “ಈ ವಯಸ್ಸಲ್ಲೂ ಬಂದ್ರಲ್ಲ, ದೊಡ್ಡ ಮನಸ್ಸು ನಿಮ್ದು” ಎಂದಿದ್ದಳು.

“ಪಾಪ, ಬೇಕರೀಲಿ ಈ ಅಮ್ಮನ ದನಿ ಹಾಕಿದ್ರು, ಕೇಳ್ದೆ” ಎಂದರು ಹಿರಿಯರು. “ಯಾರೋ ನನ್ನ ವಯಸ್ಸಿನವರಂತೆ. ಮಗಳು ಅಳ್ತಿದ್ಳು. ಅಂಥ ಮಗೂನ ಅಳಿಸೋದಾ? ಸಿಕ್ಕಿದ್ರೆ ಚೆನ್ನಾಗಿ ಬೈಬೇಕು ಅಂತ ಬಂದೆ. ನೋಡಪ್ಪಾ, ನಿನ್ನ ಸಾಲು ಓರೆಯಾಗ್ತಿದೆ. ಎಡಕ್ಕೆ ಅಂಚು ಬಿಟ್ಟು ನಡಿ.”

ಕತ್ತರಿ ಅಂಚು ಬಿಟ್ಟು ನಡೆದ. ಪೊದೆ, ಪಾಳುಗೋಡೆ, ತುಕ್ಕು ಹಿಡಿದ ಚಕ್ರ. ಮೇಷ್ಟ್ರ ಸುಳಿವಿಲ್ಲ. ಕೆರೆಯ ಕಡೆ ಹೋದವರೂ ತಲೆಯಾಡಿಸುತ್ತಾ ವಾಪಸು ಬಂದರು. ಬಿಸಿಲು ನೆತ್ತಿಗೇರಿತು. ಗೋಡೆಯ ನೆರಳಲ್ಲಿ ಕೂತಾಗ ಅವನಿಗೆ ಇನ್ನು ತಡೆಯಲಾಗಲಿಲ್ಲ. ಬೀಗ ಬಿದ್ದರೆ ಬೀಳಲಿ, ಎಲ್ಲರನ್ನೂ ಕರೆದು ಹೇಳಿಬಿಡಬೇಕೆಂದು ಉಸಿರೆಳೆದುಕೊಂಡ.

ಟಕ ಟಕ ಟಕ ಟಕ.

ಪಕ್ಕದಲ್ಲಿ ಹಿರಿಯರ ಬೆರಳುಗಳು ನೀರಿನ ಬಾಟಲಿಯ ಮೇಲೆ ಕುಣಿಯುತ್ತಿದ್ದವು. ಟಕ ಟಕ ಟಕ. ಒಂದು ಮೌನ. ಅಂಗೈ ಎಡದಿಂದ ಬಲಕ್ಕೆ ಜಾರಿತು. ಮತ್ತೆ ಟಕ ಟಕ.

ಕತ್ತರಿ ಆ ಬೆರಳುಗಳ ಕಡೆ ಬಾಗಿದ. ನಿನ್ನೆ ಫೋನಿನಲ್ಲಿ ಮೇಷ್ಟ್ರ ಮಗಳು ಬಿಕ್ಕುತ್ತಾ ಹೇಳಿದ್ದಳು: “ಅಪ್ಪ ಸುಮ್ನೆ ಕೂತಾಗ ಬೆರಳಲ್ಲಿ ಟೈಪ್ ಮಾಡ್ತಾರೆ. ಸಾಲು ಮುಗಿದಾಗ ಒಂಚೂರು ನಿಲ್ತಾರೆ, ಆಮೇಲೆ ಕೈ ಜಾರಿಸ್ತಾರೆ.” ಬಿಕ್ಕುಗಳ ನಡುವೆ ತುಂಬ ಎಳೆದಿತ್ತೆಂದು ಆ ಭಾಗವನ್ನೂ ಅವನೇ ಹಾರಿಸಿದ್ದ. ಅದು ಕೇಳುಗರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹಿರಿಯರ ಮೇಲಂಗಿಯ ಮೇಲಿನ ಗುಂಡಿ ಬಿಚ್ಚಿದ. ಒಳಗೆ ಬೂದು ಸ್ವೆಟರ್.

“ಮೇಷ್ಟ್ರೇ...”

“ಹ್ಞಾ?” ಎಂದರು ಮೇಷ್ಟ್ರು. ಕರೆದವನ ಮುಖವನ್ನೂ ತಮ್ಮ ಸ್ವೆಟರನ್ನೂ ಬಹಳ ಹೊತ್ತು ನೋಡಿದರು. “ಓ,” ಎಂದರು ಮೆಲ್ಲಗೆ. “ಬೈಸಿಕೊಳ್ಳಬೇಕಾದೋನು ನಾನೇನಾ?”

ಮಗಳು ಬಂದು ಅಪ್ಪನ ಎದೆಗೆ ತಲೆಯಿಟ್ಟಾಗ ಬಯಲಿಗೆ ಬಯಲೇ ಸುಮ್ಮನಾಯಿತು. ಕತ್ತರಿಸಲು ಮನಸ್ಸೇ ಬಾರದಂಥ ಮೌನ ಅದು. ಅಧಿಕಾರಿ ಟೋಪಿ ತೆಗೆದು, “ಅಮ್ಮಾ, ನಿಮ್ಮ ದನಿ ಕೇಳಿ ಕಾಣೆಯಾದವರೇ ಹುಡುಕೋಕೆ ಬರ್ತಾರೆ ಅಂದ್ರೆ ನಾನಿನ್ನು ಏನು ಹೇಳ್ಲಿ? ಮುಂದಿನ ಸಲ ನಂಗೂ ಒಂದು ಮೇಲಂಗಿ ಇಡಿ” ಎಂದರು.

ಸುದ್ದಿ ಕೇಳಿ ಕ್ಷೌರದಂಗಡಿಯವನೂ ಬಂದಿದ್ದ. ದೊಡ್ಡಮ್ಮ ಓಡಿಹೋಗಿ ಅವನ ಬಾಯಿಗೆ ಮೈಕ್ ಹಿಡಿದಳು. “ಇವತ್ತಿನ ಪುಣ್ಯವೆಲ್ಲ ನಿಮ್ಮದು! ನೀವು ಕಂಡದ್ದನ್ನು ಹೇಳದೇ ಇದ್ದಿದ್ರೆ? ಹೇಳಿ, ಏನನ್ನಿಸ್ತಿದೆ?”

ಕತ್ತರಿ ಮೇಲಂಗಿಗಳ ಮೂಟೆಯ ಹಿಂದೆ ಸರಿದ.

ಕ್ಷೌರದಂಗಡಿಯವನು ಗಂಭೀರವಾಗಿ ತಲೆಯಾಡಿಸಿದ. “ನಾನು ಕಂಡಿದ್ದು ನಿಜ” ಎಂದ. ನಿಂತ. ಆಕಾಶ ನೋಡಿದ. ಗಲ್ಲ ಕೆರೆದುಕೊಂಡ. ದೊಡ್ಡಮ್ಮ ಕಾದಳು, ಇನ್ನೂ ಕಾದಳು, ಮುಗಿಯಿತೆಂದು ತಿಳಿದು ಚಪ್ಪಾಳೆ ತಟ್ಟಿಸಿ, ಮೈಕ್ ಎತ್ತಿಕೊಂಡು ಅಧಿಕಾರಿಯ ಕಡೆ ಹೊರಟೇಬಿಟ್ಟಳು. ಆ ಗದ್ದಲದಲ್ಲಿ ಕ್ಷೌರದಂಗಡಿಯವನ ತುಟಿ ಅಲುಗಿದ್ದನ್ನು ಕಂಡವನು ಕತ್ತರಿಯೊಬ್ಬನೇ.

ಹೊರಡುವಾಗ ದೊಡ್ಡಮ್ಮ ಕತ್ತರಿಯ ಬೆನ್ನು ತಟ್ಟಿದಳು. “ಎಲ್ಲ ನಿನ್ನ ಕೈಚಳಕ ಕಣೋ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಮ್ಮಿ ಇಲ್ಲ! ಇನ್ಮೇಲೆ ವಾರಕ್ಕೊಂದಲ್ಲ, ದಿನಾ ಒಂದು ಕಂತು. ಭಾನುವಾರಾನೂ ಸೇರಿಸಿ. ಈ ಮೂಟೆ ಎತ್ಕೋ.”

ಕತ್ತರಿ ಮೂಟೆ ಎತ್ತಿಕೊಂಡ. ಆ ರಾತ್ರಿಯಿಂದ ಅವನು ಪ್ರತಿ ಚಪ್ಪಟೆ ಗೆರೆಯನ್ನೂ ಕೊನೆಯವರೆಗೆ ಕೇಳತೊಡಗಿದ. ಹಾಗಾಗಿ ಅವನ ನಿದ್ದೆ ಅರ್ಧವಾಯಿತು. ಕ್ಷೌರದಂಗಡಿಯ ಮುಂದೆ ಹಾದು ಹೋಗಲಾರದೆ ಕೂದಲು ಹೆಗಲಿಗಿಳಿಯಿತು.

‘ಹೋದ ತಿಂಗಳು’ ಎಂಬ ಮಾತನ್ನು ಮಾತ್ರ ಅವನು ಯಾರಿಗೂ ಹೇಳಲಿಲ್ಲ.