ಕಪ್ಪೆಚಿಪ್ಪಿಗೆ ಬೇಕಾದ ಮೀನು

ನಮ್ಮ ಕಾಕಾ ಮನುಷ್ಯರ ಮೇಲೆ ಬೇಸರಗೊಂಡು ಕಪ್ಪೆಚಿಪ್ಪುಗಳ ಸಹವಾಸಕ್ಕೆ ಬಿದ್ದರು ಎಂದು ಊರಲ್ಲಿ ಆಡಿಕೊಳ್ಳುತ್ತಾರೆ. ಶುದ್ಧ ಸುಳ್ಳು. ಬೇಸರಗೊಂಡವರು ಮನುಷ್ಯರು!

ಸವಣೂರಿಗೆ ಹೋದಾಗಲೆಲ್ಲ ಎಲೆ ಅಂಗಡಿಯಲ್ಲಿ ಅವರ ಮೊದಲ ಪ್ರಶ್ನೆ, "ಸುಣ್ಣ ಕಲ್ಲಿಂದೋ, ಚಿಪ್ಪಿಂದೋ?" ಚಿಪ್ಪು ಸುಟ್ಟ ಸುಣ್ಣವೆಂದರೆ ಮುಗಿಯಿತು, ಬರೀ ಎಲೆ ಅಡಿಕೆ ಜಗಿಯುತ್ತಾರೆ.

"ಬಾಯಿ ಕೆಂಪಾಗಂಗಿಲ್ರೀ ಕಾಕಾರ," ಎಂದ ಅಂಗಡಿಯವ.

"ಆಗ್ದಿದ್ರ ಬ್ಯಾಡ. ನನಗೇನು ಕನ್ಯಾ ನೋಡಾಕ ಹೋಗೂದೈತಿ?"

ಹಿರೇಬೆಂಡಿಗೇರಿ ಕೆರೆಯ ಹೂಳು ತೆಗೆದ ಬೇಸಿಗೆಯಲ್ಲಿ ಈ ಹುಚ್ಚು ನೆತ್ತಿಗೇರಿತು. ಬುಟ್ಟಿ ಹಿಡಿದು, ಹೂಳು ಹೊತ್ತ ಪ್ರತಿ ಟ್ರ್ಯಾಕ್ಟರಿಗೂ ಅಡ್ಡ ನಿಂತು ಜೀವಂತ ಚಿಪ್ಪು ಆರಿಸಿದರು.

"ದಾರಿ ಬಿಡ್ರಿ, ಇದು ಹೂಳೈತಿ, ಬಂಗಾರಲ್ಲ," ಎಂದ ಡ್ರೈವರ್.

"ಬಂಗಾರ ಆಗಿದ್ರ ನೀ ಗಾಡಿ ನಿಲ್ಲಿಸ್ತಿದ್ದಿಲ್ಲ ಬಿಡು. ಇವು ನೀರು ಸೋಸೂ ಜೀವ ಅದಾವ."

ಆರಿಸಿದ್ದನ್ನೆಲ್ಲ ತಮ್ಮ ಹೊಲದ ಕೃಷಿಹೊಂಡಕ್ಕೆ ಬಿಟ್ಟರು. ಎರಡು ವರ್ಷವಾದರೂ ಒಂದು ಮರಿ ಇಲ್ಲ. ಮುದಿ ಚಿಪ್ಪುಗಳು ಒಂದೊಂದಾಗಿ ಸಾಯತೊಡಗಿದವು. ಆ ಕೆರೆಯ ವಂಶದಲ್ಲಿ ಉಳಿದದ್ದೇ ಇವಿಷ್ಟು. ಕಾಕಾ ಊಟ ಬಿಟ್ಟು ಮೊಬೈಲು ಹಿಡಿದರು. ದೂರದ ದೇಶಗಳಲ್ಲೂ ಇವನ್ನು ಉಳಿಸಲು ಜನ ಒದ್ದಾಡುತ್ತಾರಂತೆ. ಚಿಪ್ಪಿನ ಮರಿ ಕೆಲವು ವಾರ ಮೀನಿನ ಕಿವಿರಿಗೆ ಅಂಟಿಕೊಂಡಿದ್ದರೇ ಬದುಕುವುದಂತೆ. ಹೊಂಡದಲ್ಲಿ ಮೀನೇ ಇಲ್ಲ! ಇರುವುದಾದರೂ ಹೇಗೆ? ನಮ್ಮದು ಮೀನಿನ ವಾಸನೆ ಬಂದರೆ ಓಣಿ ಬದಲಿಸುವ ಮನೆತನ.

ಅಂಥ ಕಾಕಾ ದೇವರ ನೀರು ತರುವ ಸ್ಟೀಲಿನ ಕೊಡ ಹಿಡಿದು ಬಂಕಾಪುರದ ಮೀನಿನವರ ಮುಂದೆ ನಿಂತರು.

"ಕೊಯ್ದು ಕೊಡ್ಲೇನ್ರಿ?"

"ಬ್ಯಾಡ್ರಿ, ಜೀವಂತ ಬೇಕು."

"ಮನ್ಯಾಗ ಅಮ್ಮಾರಿಗೆ ಕೊಯ್ಯಾಕ ಬರ್ತೈತೇನ್ರಿ?"

ಈ ಮಾತು ಕಾಕಾಗಿಂತ ಮೊದಲು ಊರು ಮುಟ್ಟಿತು. ಕಾಕಾ ಕೆಟ್ಟರು ಎಂದು ತೀರ್ಪೂ ಆಯಿತು. ಅವರ ಹೆಂಡತಿ, ನಮ್ಮ ಕಾಕು, ಮೀನು ಹೊಂಡ ಸೇರಿದ ಮೇಲೆ ಕೊಡವನ್ನು ಏಳು ಸಲ ತಿಕ್ಕಿದರು. "ಮದ್ಲ ಹೇಳಿದ್ರ ಬ್ಯಾರೆ ಕೊಡ ಕೊಡ್ತಿದ್ದೆ," ಎಂದಷ್ಟೇ ಅಂದರು.

ಮೀನು ಬಿಟ್ಟ ಮೇಲೆ ಎರಡು ಮಳೆಗಾಲ ಕಳೆದವು. ಈ ಸಲ ಕಾಕಾನ ಮೊಣಕಾಲು ಹಿಡಿದುಕೊಂಡಿದ್ದರಿಂದ ಮರಿ ಹುಡುಕಲು ಹೊಂಡಕ್ಕೆ ನಾನು ಇಳಿಯಬೇಕಾಯಿತು. ಮನಸ್ಸಿಲ್ಲದ ಮನಸ್ಸಿನಿಂದ ಕೆಸರಿನಲ್ಲಿ ಕೈಯಾಡಿಸಿದೆ. ಉಗುರಿನಷ್ಟು ಏನೋ ಗಟ್ಟಿಯಾಗಿ ತಾಗಿತು. ಬಾಯಿ ಬಿಗಿದ ಪುಟ್ಟ ಚಿಪ್ಪು, ಜೀವಂತ. ದಡಕ್ಕೆ ತಂದು ಅವರ ಅಂಗೈಯಲ್ಲಿಟ್ಟೆ. ಕಣ್ಣು ತುಂಬಿ ಹರಿದರೂ ಕಾಕಾ ಆ ಕೈ ಅಲುಗಿಸಲಿಲ್ಲ.

"ಇದು ದೊಡ್ಡದಾಗೂತನಕ ನಾ ಇರ್ತೇನೋ ಇಲ್ಲೋ. ನೀ ನೋಡ್ಕೊಂತೀಯೇನು?"

"ನೋಡ್ಕೊಂತೇನಿ ಕಾಕಾ."

"ಹಂಗಾರ ಒಗೀಬ್ಯಾಡ. ಇದ್ದ ಜಾಗಕ್ಕ ಒಯ್ದು ಇಡು."

ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಾನು ಮತ್ತೆ ನೀರಿಗಿಳಿದೆ.