ಬೀಗದ ಕೈಯ ಮೇಲೆ ಕಾವಿಗೆ ಕೂತಿರುವ ಕರಿ ಹೇಂಟೆಯವರಿಗೆ

ಮಾನ್ಯರೇ,

ಮಾಗಡಿ ತಾಲ್ಲೂಕು ತಿಪ್ಪಸಂದ್ರದ ಶಿವಲಿಂಗಮ್ಮನವರ ಹಿತ್ತಲ ಶೆಡ್ಡಿನೊಳಗೆ, ಕೆಳಗಿನ ಹಲಗೆಯ ಬಿದಿರು ಬುಟ್ಟಿಯಲ್ಲಿ, ಮೊಟ್ಟೆಗಳ ಮೇಲೆ ವಿರಾಜಮಾನರಾಗಿರುವ ತಮ್ಮ ಪಾದಗಳಿಗೆ, ಅದೇ ಶೆಡ್ಡಿನ ಹೊರಗೆ ಕಿಟಕಿಯ ಜಾಲರಿಗೆ ಮೂಗು ಒತ್ತಿಕೊಂಡು ನಿಂತಿರುವ ಅವರ ಮೊಮ್ಮಗಳು, ಫಸ್ಟ್ ಇಯರ್ ಇಂಜಿನಿಯರಿಂಗ್ ವಿದ್ಯಾರ್ಥಿನಿ ಸಿರಿ ಮಾಡುವ ಅನಂತ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮವಾಗಿಲ್ಲ. ತಾವು ಅಲ್ಲಿ ಕ್ಷೇಮವೆಂಬುದು ಕಣ್ಣಿಗೇ ಕಾಣುತ್ತಿದೆ. ಊರವರೆಲ್ಲ ಓದಲೆಂದು ಈ ಪತ್ರವನ್ನು ಶೆಡ್ಡಿನ ಬಾಗಿಲಿಗೆ ಅಂಟಿಸುತ್ತಿದ್ದೇನೆ. ತಮಗೆ ಮಾತ್ರ ಒಳಗಿನಿಂದ ಓದಲಾಗದಿದ್ದರೆ ಕ್ಷಮಿಸಬೇಕು, ಒಳಗೆ ಬಂದು ಅಂಟಿಸುವ ಸೌಲಭ್ಯ ಸದ್ಯಕ್ಕಿಲ್ಲ.

ಈ ಶೆಡ್ ತಮಗೆಂದು ಕಟ್ಟಿದ್ದಲ್ಲ ಎಂಬುದನ್ನು ಬಹಳ ಸಂಕೋಚದಿಂದ ತಿಳಿಸುತ್ತೇನೆ. ನಮ್ಮ ಕಾಲೇಜಿನ ಡಿಸೈನ್ ಕ್ಲಾಸಿಗೆ ಪ್ರತಿಯೊಬ್ಬರೂ ರಜೆಯಲ್ಲಿ ಮನೆಯವರ ಕಷ್ಟವೊಂದನ್ನು ಕಂಡುಹಿಡಿದು, ಅದಕ್ಕೊಂದು ಪರಿಹಾರ ಕಟ್ಟಿ, ವಿಡಿಯೊ ಕಾಲ್‌ನಲ್ಲಿ ಮೇಡಂಗೆ ತೋರಿಸಬೇಕು. ಬಾಗಿಲು ತೆರೆದು ಒಳಗಿನದನ್ನು ತೋರಿಸದಿದ್ದರೆ ಪ್ರಾಜೆಕ್ಟ್ ಆಗಿಲ್ಲವೆಂದೇ ಅರ್ಥ. ಮುಂದಿನ ವರ್ಷ ಜೂನಿಯರ್‌ಗಳ ಜೊತೆ ಬೆಂಚಿನಲ್ಲಿ ಕೂತು ಅದೇ ಪಾಠ ಮತ್ತೆ ಕೇಳಬೇಕು. ನನ್ನ ಕಾಲ್ ನಾಳೆ ಬೆಳಿಗ್ಗೆ. ಅಜ್ಜಿಯ ಕಷ್ಟ ಹುಡುಕಲು ನಾನು ದೂರ ಹೋಗಬೇಕಾಗಲಿಲ್ಲ. ಗುದ್ದಲಿ ಕೊಟ್ಟಿಗೆಯಲ್ಲಿ, ಕುಡುಗೋಲು ಸೂರಿನಲ್ಲಿ, ಮಚ್ಚು ತೆಂಗಿನ ಬುಡದಲ್ಲಿ, ಡ್ರಿಪ್ ಪೈಪು ನನ್ನ ಮಂಚದ ಕೆಳಗೆ. ಆರನೇ ಕ್ಲಾಸಿನಿಂದ ಹಾಸ್ಟೆಲ್‌ಗಳಲ್ಲೇ ಬೆಳೆದ ನನಗೆ, ಒಂದು ಸಾಮಾನು ಅದರ ಜಾಗದಲ್ಲಿಲ್ಲದಿದ್ದರೆ ವಾರ್ಡನ್ ಬಂದ ಹಾಗೆ ಎದೆ ಡವಡವ ಅನ್ನುತ್ತದೆ.

ನಕ್ಷೆಯನ್ನು ಹೊರದೇಶದ ವಿಡಿಯೊಗಳನ್ನು ನೋಡಿ ನಾನೇ ಬರೆದೆ. ಮಾಡಿನ ಇಳಿಜಾರು ಯಾಕಿಷ್ಟು ಕಡಿದಾಗಿದೆ ಎಂದು ಚಿಕ್ಕಪ್ಪ ಅಶ್ವಥ್ ಕೇಳಿದಾಗ, ಮೇಲೆ ಹಿಮ ನಿಲ್ಲಬಾರದಲ್ಲ ಎಂದುಬಿಟ್ಟೆ. 'ಮಾಗಡೀಲಿ ಹಿಮ ಬಿದ್ ದಿನ ನೋಡ್ಕಳಣ ಬಾರವ್ವ' ಎಂದು ಅವರು ಇಳಿಜಾರನ್ನು ಅರ್ಧಕ್ಕೆ ಇಳಿಸಿದರು. ಚನ್ನಪಟ್ಟಣದಿಂದ ಬಂದ ವೆಲ್ಡಿಂಗ್ ಗಫಾರಣ್ಣ ನಾನು ಗುರುತು ಹಾಕಿದ್ದ ಜಾಗದಲ್ಲಿ ನಿಂತು, ತಲೆಯೆತ್ತಿ ನೋಡಿ, 'ಈ ಹಲಸಿನಕಾಯಿ ಬಿದ್ರೆ ಶೀಟೊಂದೇ ಅಲ್ಲಮ್ಮ, ಒಳಗಿರೋರೂ ತೂತಾಗ್ತಾರೆ' ಎಂದು ಶೆಡ್ಡನ್ನು ಮರದಿಂದ ದೂರ ಸರಿಸಿದರು. ಇಂದು ತಮ್ಮ ನೆತ್ತಿಯ ಜುಟ್ಟು ನೆಟ್ಟಗಿರುವುದು ಅವರ ಕೃಪೆಯಿಂದ ಎಂಬುದು ತಮ್ಮ ನೆನಪಿನಲ್ಲಿರಲಿ.

ಒಳಗಿನ ವ್ಯವಸ್ಥೆ ಮಾತ್ರ ಪೂರ್ತಿ ನನ್ನದು. ಗೋಡೆಗೆ ಹಲಗೆ ಹೊಡೆಸಿ, ಚನ್ನಪಟ್ಟಣದಿಂದಲೇ ಬೊಂಬೆಯ ಬಣ್ಣ ಹಚ್ಚಿದ ಮರದ ಗೂಟಗಳನ್ನು ತರಿಸಿ, ಒಂದೊಂದು ಸಾಮಾನನ್ನೂ ಹಲಗೆಗೆ ಒತ್ತಿ ಹಿಡಿದು ಅದರ ಸುತ್ತ ಬಿಳಿ ಪೇಂಟಿನಲ್ಲಿ ಗೆರೆ ಎಳೆದೆ. ಗುದ್ದಲಿ ತೆಗೆದರೆ ಗೋಡೆಯಲ್ಲಿ ಗುದ್ದಲಿಯ ಆಕಾರವೊಂದು ಖಾಲಿ ಉಳಿದು, ತೆಗೆದವರನ್ನು ಕಾಯುತ್ತಿರುತ್ತದೆ. ಅಜ್ಜಿ ಬಂದು ನೋಡಿ, 'ಪೊಲೀಸ್ನೋರು ಹೆಣ ಬಿದ್ ಜಾಗದಲ್ಲಿ ಬರ್ದಂಗೈತೆ ಕಣೆ' ಎಂದರು. ಎಂದವರು ಮಾರನೆಯ ದಿನದಿಂದ ಕುಡುಗೋಲನ್ನು ಅದರ ಗೆರೆಯೊಳಗೇ ನೇತುಹಾಕತೊಡಗಿದರು. ನನ್ನ ಜೀವನದ ಮೊದಲ ಸಕ್ಸಸ್ ಅದು, ಮಾನ್ಯರೇ. ಬಾತ್‌ರೂಮಿಗೆ ಹೋಗಿ ಸ್ವಲ್ಪ ಅತ್ತೆ ಕೂಡ.

ಅಷ್ಟರಲ್ಲಿ ತಾವು ಕಾವಿಗೆ ಬಂದಿರಿ. ಶೀಟಿನ ಬೆಚ್ಚಗೆ ತಮಗೆ ಬಲು ಹಿತವೆಂದು ಅಜ್ಜಿ ತಮ್ಮ ಬುಟ್ಟಿಯನ್ನು ಒಳಗೆ ತಂದಿಟ್ಟರು. ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಕಾವಿನ ಬುಟ್ಟಿಯಲ್ಲಿ ಒಂದು ಚೂರು ಕಬ್ಬಿಣ ಇಡುವುದು ನಮ್ಮ ಕಡೆಯ ರೂಢಿ. ಸುತ್ತಲಿನ ಗೋಡೆಯ ತುಂಬ ಕಬ್ಬಿಣವೇ ಇತ್ತು. ಅಜ್ಜಿ ಇಟ್ಟದ್ದು ಶೆಡ್ಡಿನ ಬೀಗದ ಕೈಯನ್ನು. ಆಮೇಲೆ ಮುಂಗುಸಿ ನುಗ್ಗೀತೆಂದು ಬಾಗಿಲೆಳೆದು, ಒತ್ತಿದರೆ ತಾನೇ ಬೀಳುವ ಬೀಗವನ್ನು ಒತ್ತಿಬಿಟ್ಟರು. ಇದೇನಜ್ಜಿ ಎಂದು ನಾನು ಕೂಗಿದಾಗ ಅವರು ಕೊಟ್ಟ ಉತ್ತರವನ್ನು ತಮ್ಮ ಅವಗಾಹನೆಗೆ ಹಾಗೆಯೇ ಸಲ್ಲಿಸುತ್ತಿದ್ದೇನೆ: 'ಕುಡ್ಲು, ಗುದ್ಲಿ, ಮಚ್ಚು ಎಲ್ಲದ್ಕೂ ನೀನು ಗ್ವಾಡೆ ಮ್ಯಾಲೆ ಜಾಗ ಬರ್ದಿದ್ದೆ ಕಣವ್ವ. ಮಗು ಅಷ್ಟ್ ಕಷ್ಟ ಬಿದ್ದೈತೆ, ಅದನ್ಯಾಕ್ ಕೆಡುಸ್ಲಿ ಅಂದ್ಕಂಡೆ. ಈ ಬೀಗದ್ಕೈ ಒಂದ್ಕೇ ಎಲ್ಲೂ ಜಾಗ ಇರ್ನಿಲ್ಲ. ಅದ್ಕೇ ಮಡಗ್ದೆ.' ಎರಡನೇ ಕೈ ಎಲ್ಲಿ ಎಂದೆ. 'ಅದಾ? ಬೀಗ ತಂದ್ ದಿನ್ವೇ ಕಳ್ದೋಯ್ತು' ಎಂದರು.

ಗಫಾರಣ್ಣ ಕಟಿಂಗ್ ಮಿಷಿನ್ ಹಿಡಿದು ಬಂದರು. ಅಜ್ಜಿ ಬಾಗಿಲಿಗೆ ಅಡ್ಡ ಕೂತು, 'ಆ ಸದ್ದಿಗೆ ಕಾವು ಕೆಟ್ರೆ ನೀನ್ ಕುಂತ್ಕಂಡು ಮರಿ ಮಾಡ್ತೀಯೇನಪ್ಪ?' ಎಂದರು. 'ಅದು ನನ್ನ ಲೈನ್ ಅಲ್ಲ' ಎಂದು ಗಫಾರಣ್ಣ ಕಾಫಿ ಕುಡಿದು ಹೊರಟರು. ಈಗ ಚಿಕ್ಕಪ್ಪ ಬೆಳಿಗ್ಗೆ ಎದ್ದು ಜಾಲರಿಯ ಸಂದಿಯಿಂದ ಪೈಪು ತೂರಿಸಿ ತಮಗೆ ರಾಗಿ, ನೀರು ಇಳಿಸಿ, ಪಕ್ಕದ ಮನೆಯ ಗುದ್ದಲಿ ಬೇಡಿಕೊಂಡು ತೋಟಕ್ಕೆ ಹೋಗುತ್ತಾರೆ. ನಮ್ಮ ಮನೆಯ ಸಾಮಾನು ಹಿಂದೆಂದೂ ಇಲ್ಲದಷ್ಟು ಶಿಸ್ತಿನಲ್ಲಿದೆ. ಯಾರ ಕೈಗೂ ಸಿಗುವುದಿಲ್ಲ ಎಂಬುದೊಂದೇ ಕೊರತೆ.

ತಮ್ಮ ಮೇಲೆ ನನಗೆ ಗೌರವವಿಲ್ಲವೆಂದು ದಯವಿಟ್ಟು ಭಾವಿಸಬಾರದು. ಆಕ್ಚುಲಿ ಹೊಟ್ಟೆಕಿಚ್ಚೇ ಇದೆ. ಹಾಸ್ಟೆಲಿನಲ್ಲಿ ಬೆಲ್ ಹೊಡೆದರೆ ಏಳು, ವಾರ್ಡನ್ ಬಂದರೆ ಏಳು, ರಜೆಗೆಂದು ಮನೆಗೆ ಬಂದರೆ 'ಏಳವ್ವ, ಒಸಿ ಕಸ ಗುಡುಸ್ಬೇಕು'. ಯಾರು ಬಂದರೂ ಏಳದೆ ಕೂರಬಹುದು, ಕೂತಲ್ಲಿಗೇ ಊಟ ತರಿಸಿಕೊಳ್ಳಬಹುದು, ಹತ್ತಿರ ಬಂದವರನ್ನು ಒಂದೇ ಕಣ್ಣಿನಿಂದ ದುರುಗುಟ್ಟಿ ನೋಡಿ ಇಡೀ ಮನೆಯನ್ನು ಪಿಸುಮಾತಿಗೆ ಇಳಿಸಬಹುದು ಎಂಬುದನ್ನು ಯಾವ ಪರ್ಸನಾಲಿಟಿ ಡೆವಲಪ್‌ಮೆಂಟ್ ಕ್ಲಾಸಿನಲ್ಲೂ ನನಗೆ ಹೇಳಿಕೊಟ್ಟಿರಲಿಲ್ಲ.

ಆದಕಾರಣ ಬೇಡಿಕೊಳ್ಳುವುದೇನೆಂದರೆ, ನಾಳೆ ಕಾಳಿಗೆ ಏಳುವಾಗ ತಾವು ಬೀಗದ ಕೈಯನ್ನು ಕೊಕ್ಕಿನಲ್ಲಿ ಹಿಡಿದು, ಒಂದೊಂದೇ ಹಲಗೆ ಹತ್ತಿ, ಜಾಲರಿಯಿಂದ ನನ್ನ ಅಂಗೈಗೆ ಹಾಕಬೇಕು. ಅದು ತಮ್ಮ ಘನತೆಗೆ ಕುಂದೆನಿಸಿದರೆ, ಮೇಡಂ ಫೋನ್ ಮಾಡುವ ಮುಂಚೆ ಒಡೆಯುವಂತೆ ಮೊಟ್ಟೆಗಳಿಗೆ ಬುದ್ಧಿ ಹೇಳಬೇಕು. ಅದೂ ಆಗದಿದ್ದರೆ ಕ್ಯಾಮೆರಾ ಕಡೆ ತಿರುಗಿ, ಗೋಡೆಯ ಗೆರೆಗಳನ್ನು ಒಂದೊಂದಾಗಿ ರೆಕ್ಕೆಯಿಂದ ತೋರಿಸುತ್ತ, ಈ ಕಟ್ಟಡದ ಏಕಮಾತ್ರ ಯೂಸರ್ ಆಗಿ ಎರಡು ಮಾತಾಡಬೇಕು. ಇಂಗ್ಲಿಷಿನಲ್ಲಾದರೆ ಒಳ್ಳೆಯದು, ಕಡ್ಡಾಯವಲ್ಲ.

ತಮ್ಮ ದರ್ಶನಕ್ಕೆ ಜಾಲರಿಯೊಂದನ್ನೇ ನಂಬಿರುವ,
ತಮ್ಮ ವಿಶ್ವಾಸಿ,
ಸಿರಿ

ತಾ.ಕ.: ಕಾಲ್ ಮುಗಿಯಿತು. ಬಾಗಿಲು ತೆಗಿ ಎಂದು ಮೇಡಂ ಹೇಳಿದಾಗ ನಾನು ಫೋನನ್ನು ಜಾಲರಿಗೆ ಒತ್ತಿ ತಮ್ಮನ್ನೇ ತೋರಿಸಿದೆ. ಅಜ್ಜಿ ಫೋನು ಕಿತ್ತುಕೊಂಡು, 'ಕಾವಿಗೆ ಕುಂತೋಳ್ನ ಎಬ್ಬುಸ್ತಾರೇನ್ರವ್ವ? ನಿಮ್ಮನೇಲಿ ಕೋಳಿ ಸಾಕಿರ್ನಿಲ್ವಾ?' ಎಂದರು. ಆಮೇಲೆ ಮೇಡಂ, ಕ್ಲಾಸಿನಲ್ಲಿ ನಾನೆಂದೂ ಕೇಳದ ದನಿಯಲ್ಲಿ, 'ನಮ್ದೂ ಆ ಕಡೆನೇ ಕಣಜ್ಜಿ, ಮರಳವಾಡಿ. ಕಬ್ಣ ಮಡಗಿದ್ದೀರಾ?' ಎಂದರು. ಮರಿ ಹೊರಬಂದ ದಿನ ಬಾಗಿಲು ತೆರೆದು ತೋರಿಸಬೇಕಂತೆ. ಅಲ್ಲಿಯವರೆಗೆ ನನ್ನ ಮಾರ್ಕ್ಸೂ ತಮ್ಮ ಕೆಳಗೇ ಇರುತ್ತದೆ. ಆ ಧೈರ್ಯದಲ್ಲಿ, ತಾವು ಕಾಳಿಗೆ ಎದ್ದ ಹೊತ್ತು ನೋಡಿ, ಬಿದಿರು ಗಳದ ತುದಿಗೆ ಹಳೇ ಸ್ಪೀಕರಿನ ಮ್ಯಾಗ್ನೆಟ್ ಕಟ್ಟಿ, ಬೀಗದ ಕೈಯನ್ನು ಬುಟ್ಟಿಯ ಅಂಚಿನವರೆಗೆ ಎಳೆದಿದ್ದೆ. ತಾವು ಓಡಿಬಂದು ಅದನ್ನು ಕೊಕ್ಕಿನಿಂದ ಮೆಲ್ಲಗೆ ಒಳಕ್ಕೆಳೆದುಕೊಂಡು, ಮೊಟ್ಟೆಗಳ ನಡುವೆ ಸರಿಯಾಗಿ ಜಾಗ ಮಾಡಿ ಸೇರಿಸಿ, ಅದರ ಮೇಲೆಯೇ ಕೂತಿರಿ. ಸರಿ, ಇನ್ನು ಕೇಳುವುದಿಲ್ಲ. ಆದರೆ ಅದೂ ಒಡೆದು ಮರಿಯಾದರೆ, ಆ ಮರಿ ನನಗೇ ಇರಲಿ. ಈ ಬೀಗಕ್ಕೆ ಎರಡನೇ ಕೈ ಇಲ್ಲ.