ಟ್ರೆಡ್‌ಮಿಲ್ಲಿಗೊಂದು ವಾರಾಬಂದಿ

ನಾರಾಯಣಪುರದಿಂದ ಧುಮುಕಿ ಬರುವ ಕೃಷ್ಣೆಯನ್ನೇ ಹೊಲ ಹೊಲಕ್ಕೆ ಅಳೆದು ಹಂಚುವ ಗಂಡಸು ನಾನು. ಅಂಥವನಿಗೆ ಸ್ವಂತ ಹೊಟ್ಟೆಯೊಂದನ್ನು ಹದ್ದುಬಸ್ತಿನಲ್ಲಿಡುವುದು ಯಾವ ಮಹಾ ಕೆಲಸ! ಹೀಗೆಂದು ಕನ್ನಡಿಯ ಮುಂದೆ ನಿಂತು ಗಟ್ಟಿಯಾಗಿಯೇ ಘೋಷಿಸಿದೆ. ಆದರೆ ಕನ್ನಡಿಯಲ್ಲಿ ನಾನು ಪೂರ್ತಿ ಹಿಡಿಸುತ್ತಿರಲಿಲ್ಲ, ಅಷ್ಟೇ.

ನನ್ನ ಹೆಸರು ಅಂಬ್ರಪ್ಪ. ಶಹಾಪುರದ ಹತ್ತಿರದ ಕಾಲುವೆ ಕಚೇರಿಯಲ್ಲಿ ಗುಮಾಸ್ತ. ಯಾವ ಹೊಲಕ್ಕೆ ಯಾವ ದಿನ ನೀರು ಎಂದು ಪಾಳಿ ಹಚ್ಚುವುದು ನನ್ನ ಕೆಲಸ. ಈ ಪಾಳಿಗೆ ವಾರಾಬಂದಿ ಎನ್ನುತ್ತಾರೆ. ಕಾಲುವೆಯ ತಲೆಯ ಹತ್ತಿರ ಇರುವವನಿಗೆ ಮೊದಲು ನೀರು, ತೀರ ಕೊನೆಯಲ್ಲಿರುವ ಟೇಲ್ ಎಂಡಿನವನಿಗೆ ಕಡೆಗೆ. ಕಡೆಯವನ ತನಕ ನೀರು ಮುಟ್ಟುತ್ತದೆಯೇ ಎಂದು ಮಾತ್ರ ಕೇಳಬೇಡಿ. ಕಾಗದದ ಮೇಲೆ ಖಂಡಿತ ಮುಟ್ಟುತ್ತದೆ.

ಅದು ಕೊರೊನಾ ವರ್ಷ. ಹೊರಗೆ ಹೋದರೆ ಲಾಠಿ, ಒಳಗೆ ಕೂತರೆ ಹೊಟ್ಟೆ! ಫೋನು ತೆರೆದರೆ ಸಾಕು, ಯಾರೋ ಒಬ್ಬರು ತಮ್ಮ ಮನೆಯೊಳಗೇ ಮಷೀನಿನ ಮೇಲೆ ಬೆವರು ಸುರಿಸಿಕೊಂಡು ಓಡುತ್ತಿದ್ದರು. ಅಲ್ಲಿಯ ತನಕ ಯಾರೂ ಮೂಸಿ ನೋಡದಿದ್ದ ಟ್ರೆಡ್‌ಮಿಲ್ಲಿಗೆ ಬಂತು ನೋಡಿ ರಾಜಯೋಗ! ನಮ್ಮ ಬಟ್ಟೆ ವ್ಯಾಪಾರಿ ಲಿಂಗಣ್ಣ ಸೀರೆಗಳನ್ನೆಲ್ಲ ಅಟ್ಟಕ್ಕೇರಿಸಿ, ಹೈದರಾಬಾದಿನಿಂದ ಟ್ರೆಡ್‌ಮಿಲ್ ತರಿಸಿ ಅಂಗಡಿಯ ಮುಂದೆಯೇ ನಿಲ್ಲಿಸಿದ. ಲಾಕ್‌ಡೌನ್ ಸಡಿಲಾದ ಮರುದಿನವೇ ನಾನು ಅಲ್ಲಿ ಹಾಜರು.

"ಎಲ್ಲಾ ಬುಕ್ ಆಗ್ಯಾವ್ರಿ ಸಾಹೇಬ್ರ," ಎಂದ ಲಿಂಗಣ್ಣ, ತಲೆಯನ್ನೂ ಎತ್ತದೆ. "ಯಾದಗಿರಿಯಿಂದ, ಸುರಪುರದಿಂದ ಫೋನ್ ಬರಾಕತ್ತಾವ. ಈಗ ಸಿಗಂಗಿಲ್ಲ."

"ಇರ್ಲಿ ಬಿಡು. ಅಂದಂಗ ಲಿಂಗಣ್ಣ, ನಿನ್ನ ಹೊಲ ನಮ್ಮ ಕಾಲುವಿ ಮ್ಯಾಲೇ ಅದ ಅಲ್ಲೇನು?" ಎಂದು ಸುಮ್ಮನೆ ಯೋಗಕ್ಷೇಮ ವಿಚಾರಿಸಿದೆ.

ಅದೇ ಸಂಜೆ ಟ್ರೆಡ್‌ಮಿಲ್ ಟಂಟಂ ಗಾಡಿಯಲ್ಲಿ ಕೂತು ನಮ್ಮ ಕ್ವಾರ್ಟರ್ಸಿಗೆ ಬಂತು. ಯೋಗಕ್ಷೇಮ ವಿಚಾರಿಸುವುದರಿಂದ ಎಷ್ಟೊಂದು ಪ್ರಯೋಜನವಿದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ.

ಬಂದ ಮೇಲೆ ಪ್ರಶ್ನೆ ಎದ್ದಿತು: ಇಡುವುದೆಲ್ಲಿ? ಪಡಸಾಲೆಯಲ್ಲಿ ಕಿಟಕಿಯ ಬುಡದ ಜಾಗ ಭೇಷಾಗಿತ್ತು. ಆದರೆ ಅಲ್ಲಿ ಮೊದಲೇ ಒಂದು ಮಷೀನು ಕೂತಿತ್ತು. ನನ್ನ ಹೆಂಡತಿ ಶೇಖಮ್ಮನ ಹೊಲಿಗೆ ಮಷೀನು! ಅವಳು ಕ್ವಾರ್ಟರ್ಸಿನ ಹೆಂಗಸರ ಜಂಪರು, ಗಂಡಸರ ಪ್ಯಾಂಟು ಎಲ್ಲ ಹೊಲಿದು ತನ್ನದೇ ನಾಲ್ಕು ಕಾಸು ದುಡಿಯುತ್ತಿದ್ದಳು.

"ಇದನ್ನ ಹಿಂದ ಬಚ್ಚಲ ಬಾಜೂಕ ಇಡೂಣು," ಎಂದೆ, ಸರ್ಕಾರಿ ಆದೇಶ ಓದುವ ಧ್ವನಿಯಲ್ಲಿ.

"ಯಾಕ್ರಿ? ಬೆಳಕು ಇಲ್ಲೇ ಬೀಳ್ತದ. ಆ ಕತ್ತಲ್ಯಾಗ ಕೂತು ಸೂಜಿಗಿ ದಾರ ಪೋಣಸೂದು ಹ್ಯಾಂಗ? ನನ್ನ ದುಡಿಮಿ ಮುಳುಗಸ್ಬೇಕಂತ ಮಾಡೀರೇನು?"

"ಆರೋಗ್ಯದ ಮುಂದ ನಿನ್ನ ಜಂಪರ್ ಏನು ದೊಡ್ಡದು?"

ಶೇಖಮ್ಮ ನನ್ನ ಹೊಟ್ಟೆಯನ್ನು ಒಮ್ಮೆ, ತನ್ನ ಮಷೀನನ್ನು ಒಮ್ಮೆ ನೋಡಿದಳು. ಕಣ್ಣಲ್ಲಿ ನೀರು ಬಂದಿತ್ತು. ನಾನು ಕಿಟಕಿಯ ಅಳತೆ ನೋಡುವವನಂತೆ ಆ ಕಡೆ ತಿರುಗಿದೆ. ಆಮೇಲೆ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಒಂದು ಕರಾರು ಹಾಕಿದಳು.

"ಆಗ್ಲಿ. ನಮ್ಮ ಲಗ್ನದಾಗ ನಿಮಗ ಹೊಲಿಸಿದ ಕೋಟು ಟ್ರಂಕಿನ್ಯಾಗ ಅದ. ಬರೂ ಬ್ಯಾಸಗ್ಯಾಗ ಕಾಲುವಿ ನೀರು ಬಂದ್ ಆಗೂದ್ರೊಳಗ ಅದರ ಗುಂಡಿ ಹತ್ತಬೇಕು. ಹತ್ತಿದ್ರ ಕಿಟಕಿ ನಿಮ್ಮದು, ನಾ ಸಾಯೂತನ ಬಚ್ಚಲ ಬಾಜೂಕೇ ಕೂಡ್ತೀನಿ. ಹತ್ತಲಿಲ್ಲಂದ್ರ ನಿಮ್ಮ ಮಷೀನ್ ಹಿಂದ, ನನ್ನ ಮಷೀನ್ ಮುಂದ."

"ಅಷ್ಟೇನು? ಆ ಕೋಟು ನನಗ ಸಡ್ಲ ಆಗದಿದ್ರ ಕೇಳು! ಆಗ ನೀನೇ ಟೈಟ್ ಮಾಡಿ ಕೊಡ್ಬೇಕಾಗ್ತದ," ಎಂದು ಎದೆ ತಟ್ಟಿಕೊಂಡೆ. ತಟ್ಟಿದ್ದು ಎದೆಗೆ, ಅಲುಗಿದ್ದು ಮಾತ್ರ ಕೆಳಗಿನದು.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಮಷೀನಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು ಮೇಲೇರಿದೆ. ಬೆಲ್ಟು ಸರಿಯತೊಡಗಿತು. ಆಹಾ! ಮನೆಯೊಳಗೇ ನಡೆದು ನಡೆದು ಪಕ್ಕದೂರು ಶಿರವಾಳದ ತನಕ ಹೋಗಿ ಬಂದಷ್ಟು ಹೆಮ್ಮೆ! ಅಷ್ಟರಲ್ಲಿ ನಮ್ಮೂರಿನ ಕರೆಂಟು ತನ್ನ ವಾಡಿಕೆಯಂತೆ ಹೋಯಿತು. ಬೆಲ್ಟು ಗಕ್ಕನೆ ನಿಂತಿತು. ನಾನು ನಿಲ್ಲಲಿಲ್ಲ. ಮುಂದಿನ ಹಿಡಿಕೆಗೂ ನನ್ನ ಹೊಟ್ಟೆಗೂ ಭೀಕರ ಡಿಕ್ಕಿಯಾಗಿ, ಹಿಡಿಕೆ ಸೊಟ್ಟಗಾಯಿತು, ನಾನು ನೆಲಕ್ಕುರುಳಿದೆ.

ಸದ್ದು ಕೇಳಿ ಪಕ್ಕದ ಮನೆಯ ಭಗವಂತರಾಯ ಓಡಿ ಬಂದ. ಇವನು ನಮ್ಮ ಕಚೇರಿಯವನೇ, ನನ್ನ ಎದುರಿನ ಟೇಬಲ್ಲು.

"ಏನಾತ್ರಿ ಅಂಬ್ರಪ್ಪನವ್ರ?" ಎಂದವನು ನನ್ನನ್ನು ಎಬ್ಬಿಸುವ ಬದಲು ಮಷೀನಿನ ಮೈ ಸವರತೊಡಗಿದ. "ಅಬಬಬಬಾ! ಏನು ಗಾಡಿರೀ ಇದು! ನಾನೂ ಒಂದೀಟು ಹತ್ತಿ ನೋಡ್ಲೇನು?"

ಅಲ್ಲಿಗೆ ನನ್ನ ಕೆಲಸ ಕೆಟ್ಟಿತು. ಕರೆಂಟು ಬಂತು, ಭಗವಂತರಾಯ ಹತ್ತಿದ, ಇಳಿದು ಹೋಗಿ ಕ್ವಾರ್ಟರ್ಸಿಗೆಲ್ಲ ಡಂಗುರ ಸಾರಿದ. ಸಂಜೆಯ ಹೊತ್ತಿಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡ ಒಂದು ದಂಡೇ ನಮ್ಮ ಅಂಗಳದಲ್ಲಿ ನಿಂತಿತ್ತು. ಮೇಷ್ಟ್ರು ಬಂದರು, ಡ್ರೈವರು ಬಂದ, ಅವರವರ ಹೆಂಡಂದಿರು ಬಂದರು. ನಾ ಮೊದಲು, ನೀ ಮೊದಲು ಎಂದು ಜಗಳ ಶುರುವಾಯಿತು. ಇಂಥ ಜಗಳವನ್ನು ಕಾಲುವೆಯ ದಂಡೆಯ ಮೇಲೆ ಎಷ್ಟು ಕಂಡವನು ನಾನು! ಟ್ರೆಡ್‌ಮಿಲ್ಲಿನ ಮೇಲೆ ನಿಂತು ಕೈಯೆತ್ತಿದೆ.

"ಯಾರೂ ಗದ್ದಲ ಮಾಡಬ್ಯಾಡ್ರಿ! ಇವತ್ತಿನಿಂದ ಈ ಮಷೀನಿಗಿ ವಾರಾಬಂದಿ ಜಾರಿ! ನಮ್ಮ ಮನಿ ಬಾಜೂದವ್ರಿಗಿ ಮೊದಲು, ಕಡೀ ಮನಿಯವ್ರಿಗಿ ಕಡೀಕ. ಪಾಳಿ ಅಂದ್ರ ಪಾಳಿ!"

ಚಪ್ಪಾಳೆ ಬಿದ್ದವು! ಕಚೇರಿಯಲ್ಲಿ ಈ ತನಕ ಒಮ್ಮೆಯೂ ಬಿದ್ದಿರಲಿಲ್ಲ.

ಗುಂಪಿನ ಹಿಂದಿನಿಂದ ಶೇಖಮ್ಮ, "ಹಗಲೆಲ್ಲ ಕತ್ತಲ್ಯಾಗ ಕೂತು ನನ್ನ ನಡ ಹಿಡದದ್ರಿ. ನನಗೂ ಒಂದು ಪಾಳಿ ಹಚ್ರಿ," ಎಂದಳು.

"ಮನಿಯವ್ರದು ಏನವಸರ? ಟೇಲ್ ಎಂಡಿಗಿ ಬರ್ತದ," ಎಂದೆ. ಅಷ್ಟು ಜನರ ಮುಂದೆ ಹೆಂಡತಿಗೆ ರಿಯಾಯಿತಿ ಕೊಟ್ಟರೆ ನನ್ನ ನಿಷ್ಪಕ್ಷಪಾತದ ಗತಿ ಏನು! ಅವಳು ಒಳಗೆ ಹೋದಳು.

ವಾರಾಬಂದಿ ಅತ್ಯಂತ ಶಿಸ್ತಾಗಿ ನಡೆಯಿತು. ಎಂದರೆ, ಕಾಲುವೆಯಲ್ಲಿ ಹೇಗೆ ನಡೆಯುತ್ತದೋ ಹಾಗೆಯೇ. ತಲೆಯಲ್ಲಿದ್ದ ಭಗವಂತರಾಯ ಹತ್ತಿದರೆ ಇಳಿಯುತ್ತಿರಲಿಲ್ಲ. ಇಳಿದರೆ ತನ್ನ ಹೆಂಡತಿಯನ್ನು ಹತ್ತಿಸುತ್ತಿದ್ದ. ಹೆಂಡತಿ ಇಳಿದರೆ ಬೀಗರ ಪಾಳಿ. ಪಾಳಿ ನಡುವಿನ ಮನೆಗಳ ಹತ್ತಿರ ಬರುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಕಡೆಯ ಮನೆಯ ಮದೀನಾಬೀ ಒಂದು ದಿನ ಸೊಂಟಕ್ಕೆ ಕೈಯಿಟ್ಟು ಬಾಗಿಲಲ್ಲೇ ನಿಂತಳು. ಇವಳ ಗಂಡ ನಮ್ಮ ಕಚೇರಿಯ ಜೀಪಿನ ಡ್ರೈವರು.

"ಅರೇ ಅಂಬ್ರಪ್ಪ ಸಾಹೇಬ್ರ, ಏನಿದು? ನಮ್ಮ ಹೊಲಕ್ಕ ನೀರೂ ಬರಂಗಿಲ್ಲ, ನಮ್ಮ ಪಾಲಿಗಿ ಮಷೀನೂ ಬರಂಗಿಲ್ಲ! ಎಲ್ಲಾ ಕಡಿ ನಾವೇ ಟೇಲ್ ಎಂಡ್ ಏನು?"

"ಅರ್ಜಿ ಕೊಡು ತಾಯಿ, ನೋಡೂಣು," ಎಂದೆ. ಬಾಯಿಗೆ ರೂಢಿಯಾದ ಮಾತು.

ಇಷ್ಟೆಲ್ಲ ಆಡಳಿತದ ನಡುವೆ ನನಗೇ ಹತ್ತಲು ಪುರುಸೊತ್ತೆಲ್ಲಿ? ಕುರ್ಚಿ ಹಾಕಿಕೊಂಡು ಕೂತು ಮೇಲ್ವಿಚಾರಣೆ ಮಾಡಬೇಕು. ಬಂದವರು ಬರಿಗೈಯಲ್ಲಿ ಬರುತ್ತಾರೆಯೇ? ಪಾಳಿ ಸ್ವಲ್ಪ ಮುಂದೆ ಸರಿಯಲಿ ಎಂದು ಒಬ್ಬರು ಮಿರ್ಚಿ ಭಜಿ, ಒಬ್ಬರು ಚುರುಮುರಿ ಸೂಸ್ಲಾ, ಇನ್ನೊಬ್ಬರು ಹೋಳಿಗೆ ತಂದರು. ಬೇಡವೆಂದರೆ ಮನಸ್ಸು ನೊಂದುಕೊಳ್ಳುವುದಿಲ್ಲವೇ? ಯಾರ ಮನಸ್ಸನ್ನೂ ನಾನು ನೋಯಿಸಲಿಲ್ಲ.

ಪಾಳಿ ಸಿಗದ ಹೆಂಗಸರು ಮಾತ್ರ ಬಚ್ಚಲ ಬಾಜು ಹೋಗಿ ಶೇಖಮ್ಮನ ಸುತ್ತ ಕೂಡುತ್ತಿದ್ದರು. ಮಷೀನು ಹತ್ತಿದವರಿಗೂ ಹತ್ತದವರಿಗೂ ತಾವು ಸಣ್ಣಗಾದ ಭ್ರಮೆ. "ಶೇಖಮ್ಮಕ್ಕ, ಈ ಜಂಪರ್ ಟೈಟ್ ಮಾಡು," "ನಮ್ಮನಿಯವ್ರ ಪ್ಯಾಂಟು ಸಣ್ಣ ಮಾಡು." ಎರಡೂ ಮಷೀನು ಹಗಲೆಲ್ಲ ಓಡುತ್ತಿದ್ದವು.

ಆಮೇಲೆ ಕಚೇರಿಗಳು ಪೂರ್ತಿ ತೆರೆದವು, ಬಸ್ಸು ಓಡಿದವು, ಸಂತೆ ಕೂಡಿತು. ಜನರ ಆರೋಗ್ಯದ ಜ್ವರ ಬಿಟ್ಟಿತು! ಮೊದಲು ಬೀಗರು ತಪ್ಪಿಸಿಕೊಂಡರು, ಆಮೇಲೆ ಮೇಷ್ಟ್ರು. ಭಗವಂತರಾಯ ನನ್ನನ್ನು ಕಂಡರೆ ಓಣಿ ಬದಲಿಸತೊಡಗಿದ. ಹಿಂದೆ ಜನ ನನ್ನ ಬೆನ್ನು ಬೀಳುತ್ತಿದ್ದರು, ಈಗ ನಾನು ಜನರ ಬೆನ್ನು ಬಿದ್ದೆ.

"ಭಗವಂತರಾಯ, ಇವತ್ತು ನಿನ್ನ ಪಾಳಿ ಅದನೋ!"

"ನನ್ನ ಪಾಳಿ ಮದೀನಾಬೀಗಿ ಕೊಡ್ರಿ."

ಮದೀನಾಬೀಯ ಮನೆಗೆ ಹೋದೆ. "ಈಗ ಯಾಕ ಬೇಕ್ರಿ ಸಾಹೇಬ್ರ? ಮಳಿ ಬಿದ್ದ ಮ್ಯಾಲ ಕಾಲುವಿ ನೀರು ಬಿಟ್ಟಂಗಾತು ನಿಮ್ಮ ಕಾರಭಾರ!" ಎಂದು ಅವಳು ಕದ ಮುಂದೆ ಮಾಡಿದಳು.

ತಿರುಗಿ ಕೊಟ್ಟುಬಿಡೋಣವೆಂದು ಲಿಂಗಣ್ಣನ ಅಂಗಡಿಗೆ ಹೋದರೆ, ಅಲ್ಲಿ ಉಳಿದ ಟ್ರೆಡ್‌ಮಿಲ್ಲುಗಳ ಹಿಡಿಕೆಗಳ ಮೇಲೆ ಇಳಕಲ್ ಸೀರೆಗಳು ನೇತಾಡುತ್ತಿದ್ದವು.

"ವಾಪಸ್ ತೊಗೊಂಡು ಏನ್ ಮಾಡ್ಲ್ರಿ? ನನ್ನವೇ ಯಾರೂ ಕೇಳವಲ್ರು," ಎಂದ ಲಿಂಗಣ್ಣ. "ಬೇಕಂದ್ರ ಇನ್ನೊಂದು ಒಯ್ರಿ ಸಾಹೇಬ್ರ, ಜೋಡಿ ಆಗ್ತದ."

ಬೇಸಿಗೆ ಬಂದೇಬಿಟ್ಟಿತು. ನಾರಾಯಣಪುರದ ಅಣೆಕಟ್ಟಿನಲ್ಲಿ ಗೇಟು ಇಳಿಸಿ ಕಾಲುವೆಯ ನೀರು ನಿಲ್ಲಿಸುವ ಸುದ್ದಿ ಕಚೇರಿಯಲ್ಲಿ ಓಡಾಡತೊಡಗಿದಾಗ ನನಗೆ ಟ್ರಂಕಿನಲ್ಲಿದ್ದ ಕೋಟು ನೆನಪಾಗಿ ಮೈ ಬೆವತಿತು. ಆ ಮಷೀನಿನ ದೆಸೆಯಿಂದ ನನಗೆ ಬಂದ ಬೆವರು ಅದೊಂದೇ. ಇನ್ನು ಒಂದು ಗಳಿಗೆಯೂ ಕಳೆಯಬಾರದು! ಮಧ್ಯಾಹ್ನವೇ ಕಚೇರಿಯಿಂದ ಓಡಿ ಬಂದು, ಕಣ್ಣು ಮುಚ್ಚಿ ದೇವರನ್ನು ನೆನೆದು, ಗುಂಡಿ ಒತ್ತಿದೆ.

"ಅಯ್ಯಯ್ಯೋ! ನಿಂದರಸ್ರಿ! ಹಪ್ಪಳಾ!" ಎಂದು ಶೇಖಮ್ಮ ಒಳಗಿನಿಂದ ಕೂಗಿದಳು.

ಕಣ್ಣು ತೆರೆದರೆ, ಬೆಲ್ಟಿನ ತುಂಬ ಹಪ್ಪಳ! ಅಂಗಳದಲ್ಲಿ ಮಂಗಗಳ ಕಾಟವೆಂದು ಶೇಖಮ್ಮ, ಮದೀನಾಬೀ ಇಬ್ಬರೂ ಕೂಡಿ ಕಿಟಕಿಯ ಬಿಸಿಲಿಗೆ ಒಣಹಾಕಿದ್ದರು. ಹಪ್ಪಳಗಳು ಸಾಲಾಗಿ, ಒಂದರ ಹಿಂದೊಂದು, ಯಾರೂ ಯಾರನ್ನೂ ನೂಕದೆ ಹಿಂದಕ್ಕೆ ನಡೆದವು. ನನ್ನ ವಾರಾಬಂದಿಯನ್ನು ಬರಾಬರಿ ಪಾಲಿಸಿದವು ಅವೇ ಮೊದಲು. ಹಿಂದೆ ಇಟ್ಟಿದ್ದ ಬುಟ್ಟಿಗೆ ಕೆಲವು, ನೆಲಕ್ಕೆ ಕೆಲವು ಬಿದ್ದವು. ನಿಲ್ಲಿಸಲು ಹೋಗಿ ನಾನು ಜೋರಾಗಿಸುವ ಗುಂಡಿ ಒತ್ತಿದೆ. ಈಗ ಅವು ಹಾರತೊಡಗಿದವು! ಒಂದು ನನ್ನ ಕಿವಿಗೇ ಬಡಿಯಿತು.

ಮದೀನಾಬೀ ಬುಟ್ಟಿ ಎತ್ತಿಕೊಂಡು ನೋಡಿದಳು. "ಶೇಖಮ್ಮಕ್ಕ, ಮಷೀನ್ ಖರೇನೇ ಛಲೋ ಅದ. ಒಣಗಿದ್ದು ತಾನೇ ಬುಟ್ಟಿಗಿ ಬೀಳ್ತದ. ನಿಮ್ಮ ಯಜಮಾನ್ರಿಗಿ ಹೇಳು, ಮುಂದಿನ ವರ್ಷ ಸಂಡಿಗಿಗೂ ಪಾಳಿ ಹಚ್ಲಿ!"

ಒಡೆದ ಹಪ್ಪಳಗಳನ್ನು ಎಸೆಯಬಾರದೆಂದು ಅಂದು ಸಂಜೆ ಕರಿದರು. ಎಲ್ಲವನ್ನೂ ನನಗೇ ಬಡಿಸಿದರು, ಶಿಕ್ಷೆಯೆಂದು.

ಗೇಟು ಇಳಿದ ದಿನ ಕಾಲುವೆ ಒಣಗುವ ಮುಂಚೆಯೇ ಶೇಖಮ್ಮ ಟ್ರಂಕು ತೆರೆದಳು. ಸಾಕ್ಷಿಗೆಂದು ಭಗವಂತರಾಯನೂ ಮದೀನಾಬೀಯೂ ಬಂದಿದ್ದರು. ಹಪ್ಪಳದ ಸುದ್ದಿ ಹಬ್ಬಿದ ಮೇಲೆ ಭಗವಂತರಾಯನಿಗೆ ಮತ್ತೆ ನಮ್ಮ ಮನೆಯ ದಾರಿ ನೆನಪಾಗಿತ್ತು. ಕೋಟಿನ ತೋಳು ಏರಿಸಿದೆ. ಉಸಿರು ಒಳಗೆಳೆದೆ. ಕೋಟಿನ ಎಡ ಅಂಚು ಒಂದು ದಂಡೆಯಲ್ಲಿ, ಬಲ ಅಂಚು ಇನ್ನೊಂದು ದಂಡೆಯಲ್ಲಿ. ನಡುವೆ ನಾನು ತುಂಬಿ ಹರಿಯುತ್ತಿದ್ದೆ!

"ಕೋಟು ಟ್ರಂಕಿನ್ಯಾಗ ಇದ್ದು ಇದ್ದು ಸಣ್ಣದಾಗ್ಯದ," ಎಂದೆ ಕ್ಷೀಣ ಧ್ವನಿಯಲ್ಲಿ.

"ಹೌದ್ರಿ. ನಿಮ್ಮ ಮಷೀನಿನ ಗಾಳಿ ಅದಕ್ಕೊಂದಕ್ಕೇ ತಾಕ್ಯದ," ಎಂದಳು ಶೇಖಮ್ಮ.

ನಾನೂ ಭಗವಂತರಾಯನೂ ಕೂಡಿ, ಏದುಸಿರು ಬಿಡುತ್ತ, ಟ್ರೆಡ್‌ಮಿಲ್ಲನ್ನು ಬಚ್ಚಲ ಬಾಜು ಸಾಗಿಸಿದೆವು. ಆ ಮಷೀನಿನಿಂದ ನಾನು ಮಾಡಿದ ನಿಜವಾದ ವ್ಯಾಯಾಮ ಅದೇ. ಹೊಲಿಗೆ ಮಷೀನು ಕಿಟಕಿಗೆ ಮರಳಿತು. ಬೆಳಕಿನಲ್ಲಿ ಕೂತು ಶೇಖಮ್ಮ ಒಂದೇ ಏಟಿಗೆ ಸೂಜಿಗೆ ದಾರ ಪೋಣಿಸಿದಳು. ಅವಳ ಮುಖ ನೋಡಿ, ಸೋತಿದ್ದಕ್ಕೆ ಒಳಗೊಳಗೇ ಖುಷಿಯೂ ಆಯಿತು.

ಅವಳ ಪಕ್ಕದಲ್ಲಿ ಬಟ್ಟೆಗಳ ದೊಡ್ಡ ರಾಶಿಯೇ ಇತ್ತು. ಅವೇ ಜಂಪರು, ಅವೇ ಪ್ಯಾಂಟು! ಹೋದ ವರ್ಷ ಟೈಟ್ ಮಾಡಿಸಿಕೊಂಡವರೆಲ್ಲ ಈಗ ಸಡಿಲು ಮಾಡಿಸಲು ತಂದು ಒಟ್ಟಿದ್ದರು. ಟ್ರೆಡ್‌ಮಿಲ್ಲಿನಿಂದ ಇಡೀ ಶಹಾಪುರದಲ್ಲಿ ಯಾರಾದರೂ ಉದ್ಧಾರವಾಗಿದ್ದರೆ ಅದು ನನ್ನ ಹೆಂಡತಿ ಒಬ್ಬಳೇ. ಮಷೀನು ಏರಿದಾಗಲೂ ದುಡಿಮೆ, ಇಳಿದಾಗಲೂ ದುಡಿಮೆ.

ನಾನು ನನ್ನ ಕಚೇರಿಯ ಪ್ಯಾಂಟನ್ನು ಮೆಲ್ಲಗೆ ಆ ರಾಶಿಯ ಮೇಲ್ತುದಿಗೆ ಇಟ್ಟೆ. ನಡುವಿನ ಗುಂಡಿ ಹತ್ತುವುದನ್ನು ಬಿಟ್ಟು ಆಗಲೇ ಬಹಳ ದಿನವಾಗಿತ್ತು. ಅಂಗಿಯನ್ನು ಹೊರಗೆ ಬಿಟ್ಟು ಮಾನ ಕಾಪಾಡಿಕೊಂಡಿದ್ದೆ.

"ಶೇಖಮ್ಮ, ನಾಳಿ ದೊಡ್ಡ ಸಾಹೇಬ್ರು ಮೀಟಿಂಗಿಗಿ ಬರಾಕತ್ತಾರ. ಇದನ್ನೊಂದು ಜರಾ ಸಡ್ಲ ಮಾಡಿ ಕೊಡ. ಇವತ್ತೇ ಬೇಕು."

ಅವಳು ಪ್ಯಾಂಟನ್ನು ಎರಡು ಬೆರಳಿನಲ್ಲಿ ಎತ್ತಿ, ಭಗವಂತರಾಯನ ಪ್ಯಾಂಟು, ಮೇಷ್ಟ್ರ ಕೋಟು, ಮದೀನಾಬೀಯ ಜಂಪರು ಎಲ್ಲವನ್ನೂ ದಾಟಿಸಿ, ರಾಶಿಯ ತೀರ ಬುಡಕ್ಕೆ ತುರುಕಿದಳು.

"ಮನಿಯವ್ರದು ಏನವಸರ್ರಿ? ಟೇಲ್ ಎಂಡಿಗಿ ಬರ್ತದ. ಪಾಳಿ ಅಂದ್ರ ಪಾಳಿ!"